ಸ್ಯಾಚುರೇಷನ್ 99, ಆದರೂ ಉಸಿರು ಸಾಲದು

ಮನೋವೈದ್ಯರು ನನ್ನ ಮುಂದಿಟ್ಟ ಕಾಗದದಲ್ಲಿ ಇದ್ದದ್ದು ಏಳೇ ಪ್ರಶ್ನೆ. ಕಳೆದ ಎರಡು ವಾರದಲ್ಲಿ ಗಾಬರಿ, ತಳಮಳ ಎಷ್ಟು ದಿನ ಆಯಿತು? ಶುರುವಾದ ಚಿಂತೆಯನ್ನು ನಿಲ್ಲಿಸಲು ಆಗುತ್ತಿದೆಯೇ? ಸುಮ್ಮನೆ ಕೂರಲಾಗದಷ್ಟು ಚಡಪಡಿಕೆ ಇದೆಯೇ? ಸಣ್ಣ ಮಾತಿಗೂ ಸಿಟ್ಟು ಬರುತ್ತಿದೆಯೇ? ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 21. ಹತ್ತು ಮುಟ್ಟಿದರೆ ನಿಗಾ ಬೇಕು, ಹದಿನೈದು ಮುಟ್ಟಿದರೆ ತೀವ್ರ. ಆತಂಕ ಎಷ್ಟಿದೆ ಅಂತ ಅಳೆಯುವ ಪಟ್ಟಿ ಇದು, ಜಿಎಡಿ-7 ಅಂತ ಹೆಸರು, ಜಗತ್ತಿನ ಎಲ್ಲೆಡೆ ಬಳಸುತ್ತಾರೆ. ಕೊನೆಯ ಪ್ರಶ್ನೆಗೆ ಬಂದು ಪೆನ್ನು ನಿಲ್ಲಿಸಿದೆ. ‘ಏನೋ ಕೆಟ್ಟದ್ದು ಆಗಿಬಿಡುತ್ತದೆ ಅನ್ನುವ ಭಯ ಇದೆಯೇ?’

“ಸರ್, ನಮ್ಮ ವಾರ್ಡಲ್ಲಿ ಕೆಟ್ಟದ್ದು ದಿನಾ ಆಗ್ತಾನೇ ಇದೆಯಲ್ಲ. ಇದಕ್ಕೆ ಮಾರ್ಕ್ ಹಾಕೋದು ಹ್ಯಾಗೆ?”

ಅವರು ನಗಲಿಲ್ಲ. “ಹಾಕಿ ಸಿಸ್ಟರ್. ಯಾವುದು ವಾರ್ಡಿನದು, ಯಾವುದು ನಿಮ್ಮದು ಅಂತ ಆಮೇಲೆ ಬೇರೆ ಮಾಡೋಣ” ಅಂದರು.

ನನ್ನ ಮೊತ್ತ ಹದಿನೈದು ದಾಟಿತ್ತು. ಆಮೇಲೆ ನಡೆದದ್ದೆಲ್ಲ, ಮಾತ್ರೆ, ಕೌನ್ಸೆಲಿಂಗ್, ಡೈರಿ, ಜಗಳ, ಎಲ್ಲವೂ ಅವರು ಹೇಳಿದ ಆ ಬೇರೆ ಮಾಡುವ ಕೆಲಸವೇ.

ನಾನು ಮಧ್ಯ ಕರ್ನಾಟಕದ ಒಂದು ಜಿಲ್ಲಾಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಕೋವಿಡ್ ಬರುವ ಹೊತ್ತಿಗೆ ಹೆರಿಗೆ ವಾರ್ಡು, ಸುಟ್ಟಗಾಯದ ವಾರ್ಡು, ಐಸಿಯು ಎಲ್ಲ ತಿರುಗಿ ಆಗಿತ್ತು. ಹೆಣ ಕಂಡು ಹೆದರುವವಳಲ್ಲ. ಮೇಲಧಿಕಾರಿ ಕೂಗಾಡಿದರೂ ಕೈ ನಡುಗುತ್ತಿರಲಿಲ್ಲ. ಇದನ್ನು ಹೇಳುವುದು ಯಾಕೆಂದರೆ, ಆತಂಕದ ಕಾಯಿಲೆ ಪುಕ್ಕಲರಿಗೆ ಬರುವಂಥದ್ದು ಅಂತ ನಾನೂ ಅಂದುಕೊಂಡಿದ್ದೆ. ನರ್ಸಿಂಗ್ ಓದುವಾಗ ಮನೋರೋಗದ ಪಾಠದಲ್ಲಿ ಒಳ್ಳೆಯ ಅಂಕ ತೆಗೆದಿದ್ದರೂ ಆ ಅನಿಸಿಕೆ ಹೋಗಿರಲಿಲ್ಲ.

ಕಲಬುರಗಿಯ 76 ವರ್ಷದ ವೃದ್ಧರೊಬ್ಬರ ಸಾವು ದೇಶದ ಮೊದಲ ಕೋವಿಡ್ ಸಾವು ಅಂತ 2020ರ ಮಾರ್ಚ್‌ನಲ್ಲಿ ಟಿವಿಯಲ್ಲಿ ಬಂದಾಗ ಡ್ಯೂಟಿ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಅಲ್ಲಿಯವರೆಗೆ ಅದು ಚೀನಾದ್ದು, ಇಟಲಿಯದ್ದು. ಮುಂದಿನ ವಾರಗಳ ಭಯ ಸರಳವಾದದ್ದು: ನನಗೆ ತಗುಲುತ್ತದಾ, ನನ್ನಿಂದ ಮನೆಗೆ ಹೋಗುತ್ತದಾ. ಪಿಪಿಇ ಕಿಟ್‌ಗಳನ್ನು ಎಣಿಸಿ ಕೊಡುತ್ತಿದ್ದ ಕಾಲ. ತೊಡುವುದಕ್ಕಿಂತ ಕಳಚುವುದರಲ್ಲೇ ಅಪಾಯ ಹೆಚ್ಚು ಅಂತ ತರಬೇತಿಯಲ್ಲಿ ಹೇಳಿದ್ದರು. ಪ್ರತಿ ಹಂತಕ್ಕೂ ಕೈಗೆ ಸ್ಯಾನಿಟೈಸರ್, ಮಾಸ್ಕ್ ಕಟ್ಟಕಡೆಗೆ. ಡ್ಯೂಟಿ ಮುಗಿಸಿ ಲಾಡ್ಜ್ ರೂಮಿಗೆ ಹೋದ ಮೇಲೆ ಮಂಚದ ಮೇಲೆ ಕೂತು ಇಡೀ ಕ್ರಮವನ್ನು ತಲೆಯಲ್ಲೇ ಮತ್ತೆ ಮಾಡುತ್ತಿದ್ದೆ. ಎಡಗೈ ಗ್ಲೌಸ್ ಎಳೆಯುವಾಗ ಮಣಿಕಟ್ಟಿಗೆ ತಗುಲಿತಾ? ಗಾಗಲ್ಸ್ ತೆಗೆದಾಗ ಕಣ್ಣು ಮುಟ್ಟಿಕೊಂಡೆನಾ? ಇದನ್ನು ಜಾಗ್ರತೆ ಅಂತಲೇ ತಿಳಿದಿದ್ದೆ. ಆ ಹೊತ್ತಿಗೆ ಅದು ಜಾಗ್ರತೆಯೇ ಆಗಿತ್ತು ಅನ್ನಿ.

ಸೋಂಕು ತಡೆಯಲು ಆರೋಗ್ಯ ಸಿಬ್ಬಂದಿ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನುವ ಮಲೇರಿಯಾ ಮಾತ್ರೆ ತೆಗೆದುಕೊಳ್ಳಬಹುದು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳಿತ್ತು: ಮೊದಲ ದಿನ 400 ಮಿಲಿಗ್ರಾಂ ಎರಡು ಸಲ, ಆಮೇಲೆ ವಾರಕ್ಕೊಂದು ಸಲ, ಏಳು ವಾರ. ನುಂಗಿದೆವು. ನಮ್ಮಲ್ಲಿ ಕೆಲವರಿಗೆ ಎದೆ ಡವಡವ ಅನ್ನತೊಡಗಿತು. ಮಾತ್ರೆಯದೋ ಭಯದ್ದೋ ತಿಳಿಯದೆ ಒಬ್ಬರಿಗೊಬ್ಬರು ಇಸಿಜಿ ಮಾಡಿಕೊಂಡೆವು. ಆ ಮಾತ್ರೆಯಿಂದ ಪ್ರಯೋಜನವಿಲ್ಲ ಅಂತ ಆಮೇಲೆ ಬಂದ ಅಧ್ಯಯನಗಳು ಹೇಳಿದವು, ಅದು ಬೇರೆ ಮಾತು.

ಅದೇ ಸುಮಾರಿಗೆ ನಮ್ಮ ಅರಿವಳಿಕೆ ಡಾಕ್ಟರು ವಾಟ್ಸಾಪ್ ಗುಂಪಿಗೆ ಚೀನಾದ ಒಂದು ಅಧ್ಯಯನ ಹಾಕಿದ್ದರು. 34 ಆಸ್ಪತ್ರೆಗಳ 1,257 ವೈದ್ಯರು, ನರ್ಸುಗಳನ್ನು ಕೇಳಿದಾಗ ಶೇ. 44.6ರಷ್ಟು ಮಂದಿಯಲ್ಲಿ ಆತಂಕದ ಲಕ್ಷಣ, ಶೇ. 34ರಷ್ಟು ಮಂದಿಗೆ ನಿದ್ದೆ ಇಲ್ಲ. ಹೆಚ್ಚು ತೊಂದರೆ ನರ್ಸುಗಳಿಗೆ, ಹೆಂಗಸರಿಗೆ, ರೋಗಿಗಳ ಹತ್ತಿರವೇ ಇರುವವರಿಗೆ. ನಾನು ಈ ಮೂರರಲ್ಲೂ ಇದ್ದೆ. ಗುಂಪಿನಲ್ಲಿ ಯಾರೋ ಹೆಬ್ಬೆರಳ ಗುರುತು ಒತ್ತಿದರು. ಇನ್ಯಾರೋ ಕಷಾಯದ ವಿಡಿಯೋ ಹಾಕಿದರು. ಅಧ್ಯಯನ ಮೇಲಕ್ಕೆ ಹೋಗಿ ಕಣ್ಮರೆಯಾಯಿತು.

ಮಾರ್ಚ್ 22ರ ಸಂಜೆ ಜನ ತಟ್ಟೆ ಬಾರಿಸಿದರು, ಮೇ 3ರಂದು ವಾಯುಪಡೆಯವರು ಆಸ್ಪತ್ರೆಗಳ ಮೇಲೆ ಹೂ ಸುರಿದರು. ಆ ದಿನಗಳಲ್ಲೇ ನನ್ನ ಜೊತೆಯ ಹುಡುಗಿಯೊಬ್ಬಳಿಗೆ ಬಾಡಿಗೆ ಮನೆಯವರು, “ಡ್ಯೂಟಿ ಮುಗಿಯೋ ತನಕ ಬೇರೆ ಕಡೆ ಇದ್ದುಬಿಡಮ್ಮ” ಅಂದಿದ್ದರು. ಹೂವು, ತಟ್ಟೆಗಳ ಬಗ್ಗೆ ನನಗೆ ಕೋಪವಿಲ್ಲ. ಜನರಿಗೂ ಏನಾದರೂ ಮಾಡಬೇಕಿತ್ತು.

ಮೊದಲ ಅಲೆ ಹೀಗೆ ದಾಟಿತು. 2021ರ ಜನವರಿ 16ಕ್ಕೆ ಲಸಿಕೆ ಶುರುವಾಯಿತು, ಮೊದಲ ಸಾಲಿನಲ್ಲಿ ನಾವೇ. ಎರಡನೇ ಡೋಸ್ ಆದ ಮೇಲೆ ಬಹಳ ದಿನಗಳಿಂದ ಕಾಣದ ನಿದ್ದೆ ಬಂತು. ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳತೊಡಗಿದೆ. ಮುಗಿಯಿತು ಅಂದುಕೊಂಡೆವು.

ಏಪ್ರಿಲ್‌ನಲ್ಲಿ ಬಂದದ್ದೇ ಬೇರೆ. ಸೋಂಕು ತಗುಲುವ ಭಯ ಹಿಂದಕ್ಕೆ ಸರಿದು ಆಕ್ಸಿಜನ್ ಲೆಕ್ಕ ಮುಂದೆ ಬಂತು. ಜಂಬೋ ಸಿಲಿಂಡರ್ ಒಂದರಲ್ಲಿ ಸುಮಾರು 7,000 ಲೀಟರ್. ಚೀಲವಿರುವ ಎನ್‌ಆರ್‌ಬಿಎಂ ಮಾಸ್ಕಿನಲ್ಲಿ ನಿಮಿಷಕ್ಕೆ 15 ಲೀಟರ್ ಹೋದರೆ ಒಬ್ಬರಿಗೆ ಸುಮಾರು ಏಳೂಮುಕ್ಕಾಲು ಗಂಟೆ ಬರುತ್ತದೆ. ಹೆಚ್‌ಎಫ್‌ಎನ್‌ಸಿ ಅಂತ ಮೂಗಿಗೆ ಜೋರಾಗಿ ಆಕ್ಸಿಜನ್ ಕೊಡುವ ಯಂತ್ರ ಪೂರ್ತಿ ತೆರೆದರೆ ನಿಮಿಷಕ್ಕೆ 60 ಲೀಟರ್. ಆಗ ಅದೇ ಸಿಲಿಂಡರ್ ಎರಡು ಗಂಟೆಯೂ ಬರುವುದಿಲ್ಲ. ಇದು ಡಾಕ್ಟರರ ಲೆಕ್ಕವಲ್ಲ, ಎಂಜಿನಿಯರರ ಲೆಕ್ಕವೂ ಅಲ್ಲ. ನೈಟ್ ಡ್ಯೂಟಿಯಲ್ಲಿ ಅದು ನರ್ಸಿನ ಲೆಕ್ಕ. ಪಿಪಿಇ ಒಳಗೆ ಬೆವರು ಇಳಿಯುತ್ತಿರುವಾಗ, ಮಂಜು ಹಿಡಿದ ಗಾಗಲ್ಸ್‌ನಲ್ಲಿ ಗೇಜಿನ ಮುಳ್ಳು ನೋಡಿ, ಯಾವ ಬೆಡ್ಡಿಗೆ ಎಷ್ಟು ಹೊತ್ತು ಅಂತ ಅಂಗೈಮೇಲಿನ ಗ್ಲೌಸಿಗೆ ಮಾರ್ಕರಿನಲ್ಲಿ ಬರೆದುಕೊಳ್ಳುತ್ತಿದ್ದೆ. ಸಿಲಿಂಡರುಗಳನ್ನು ಪೈಪಿಗೆ ಜೋಡಿಸುವ ಮ್ಯಾನಿಫೋಲ್ಡ್ ರೂಮಿನ ಹುಡುಗನಿಗೆ ಫೋನ್ ಮಾಡಿದರೆ, “ಗಾಡಿ ದಾರಿಯಲ್ಲಿದೆ ಸಿಸ್ಟರ್” ಅನ್ನುತ್ತಿದ್ದ. ಯಾವ ದಾರಿ ಅಂತ ಅವನಿಗೂ ಗೊತ್ತಿರುತ್ತಿರಲಿಲ್ಲ.

ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಆದದ್ದು ಎಲ್ಲರಿಗೂ ನೆನಪಿದೆ. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ ಒಂದೇ ದಿನದಲ್ಲಿ 24 ಮಂದಿ ತೀರಿಕೊಂಡರು. ಮಾರನೇ ಬೆಳಗ್ಗೆ ಮುಂದಿನ ಪಾಳಿಯವರಿಗೆ ಹ್ಯಾಂಡ್‌ಓವರ್ ಕೊಡುವಾಗ ನನ್ನ ಬಾಯಿಂದ ಬೆಡ್ ನಂಬರುಗಳೇ ಹೊರಡಲಿಲ್ಲ. ಅಲ್ಲಿ ಆ ರಾತ್ರಿ ಡ್ಯೂಟಿಯಲ್ಲಿದ್ದ ಸಿಸ್ಟರ್ ಈಗ ಏನು ಮಾಡುತ್ತಿರಬಹುದು ಅಂತ ಮಾತ್ರ ಯೋಚಿಸುತ್ತಿದ್ದೆ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ ಬಂದವು. ಆ ಸಂಖ್ಯೆ ನನಗೆ ಏನೂ ಅನ್ನಿಸಲಿಲ್ಲ. ನನ್ನ ತಲೆಯಲ್ಲಿ 7,000 ಭಾಗಿಸು 15 ಅಷ್ಟೇ ಓಡುತ್ತಿತ್ತು.

ಮನೆಯಲ್ಲಿ ನಮ್ಮವರು ಸಾರಿಗೆ ಸಂಸ್ಥೆಯ ಕಂಡಕ್ಟರ್. ಏಪ್ರಿಲ್‌ನ ಬಸ್ ಮುಷ್ಕರ, ಅದರ ಬೆನ್ನಿಗೇ ಲಾಕ್‌ಡೌನ್, ಹಾಗಾಗಿ ಅವರು ಮನೆಯಲ್ಲೇ ಇದ್ದರು. ಒಂದು ರಾತ್ರಿ ಅಡುಗೆಮನೆಯಲ್ಲಿ ಸದ್ದು ಕೇಳಿ ಬಂದು ನೋಡಿದರೆ ನಾನು ಗ್ಯಾಸ್ ಸಿಲಿಂಡರನ್ನು ಎತ್ತಿ ತೂಗುತ್ತಿದ್ದೆನಂತೆ.

“ಸಿಲಿಂಡರ್ ಬಂದು ಇನ್ನೂ ವಾರ ಆಗಿಲ್ಲ ಕಣೇ. ಮಲಗು ಹೋಗು.”

“ನೋಡ್ದೆ ಅಷ್ಟೇ ರೀ.”

ಅದು ಒಂದು ರಾತ್ರಿಯ ಮಾತಾಗಿ ಉಳಿಯಲಿಲ್ಲ. ಅದರ ಜೊತೆಗೆ ಪಲ್ಸ್ ಆಕ್ಸಿಮೀಟರ್, ಬೆರಳಿಗೆ ಹಾಕಿದರೆ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ, ಅಂದರೆ ಸ್ಯಾಚುರೇಷನ್, ನೂರಕ್ಕೆ ತೋರಿಸುವ ಯಂತ್ರ. ಮೆಡಿಕಲ್ ಶಾಪಿನಲ್ಲಿ ಹುಡುಕಿ ಹುಡುಕಿ ತಂದಿದ್ದ ಒಂದು ನನ್ನ ಬ್ಯಾಗಿನಲ್ಲಿತ್ತು. ಮೊದಲು ದಿನಕ್ಕೆರಡು ಸಲ ಬೆರಳಿಗೆ ಹಾಕುತ್ತಿದ್ದೆ. ಬರಬರುತ್ತಾ ಮೆಟ್ಟಿಲು ಹತ್ತಿದರೆ, ಸ್ನಾನ ಮಾಡಿದರೆ, ಊಟ ಆದರೆ. ಮಗಳ ಬೆರಳಿಗೆ, ಅತ್ತೆಯ ಬೆರಳಿಗೆ. 98 ಬಂದರೆ ಬೆರಳು ಉಜ್ಜಿ ಇನ್ನೊಮ್ಮೆ. 99 ಕಂಡರೆ ಸಮಾಧಾನ, ಆ ಸಮಾಧಾನ ನಿಲ್ಲುತ್ತಿದ್ದದ್ದು ಕೆಲವೇ ನಿಮಿಷ. ಅತ್ತೆ ಒಂದು ದಿನ, “ನನ್ನ ಬೆರಳು ನನಗೆ ಬಿಟ್ಟುಬಿಡವ್ವಾ” ಅಂತ ಕೈ ಸೆರಗಿನೊಳಗೆ ಎಳೆದುಕೊಂಡರು.

ವಾರ್ಡಿನೊಳಗೆ ಅದು ಬಯಲಾದದ್ದು ಮಧ್ಯಾಹ್ನದ ಶಿಫ್ಟಿನಲ್ಲಿ. ದಪ್ಪ ಮೈಯ ರೋಗಿಯೊಬ್ಬರನ್ನು ಬೋರಲು ಮಲಗಿಸಲು ಮೂವರು ಸೇರಿ ಹೊರಳಿಸುತ್ತಿದ್ದೆವು. ಇದ್ದಕ್ಕಿದ್ದಂತೆ ನನಗೆ ಉಸಿರು ಒಳಗೆ ಹೋಗುತ್ತಲೇ ಇಲ್ಲ ಅನ್ನಿಸಿತು. ತುಟಿಯ ಸುತ್ತ ಜುಮುಜುಮು, ಬೆರಳ ತುದಿಗಳು ಸೆಟೆದುಕೊಂಡವು, ಎದೆ ಗಂಟಲಿಗೆ ಬಂದು ಬಡಿಯುತ್ತಿತ್ತು. ಇದೇ ಕೊನೆ, ಇಲ್ಲೇ ಬೀಳುತ್ತೇನೆ, ಇವರು ನನ್ನ ಕಿಟ್ ಹರಿದು ಹೊರಗೆ ಎಳೆಯುವಷ್ಟರಲ್ಲಿ ಮುಗಿದಿರುತ್ತದೆ ಅಂತ ಖಾತ್ರಿಯಾಯಿತು. ಹೇಗೋ ಕಳಚುವ ಕೋಣೆಗೆ ಬಂದೆ. ಅಲ್ಲೂ ಕ್ರಮ ತಪ್ಪದೆ ಕಳಚಿದೆ ಅನ್ನುವುದು ನನಗೆ ಈಗಲೂ ಸೋಜಿಗ. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 99. ಯಂತ್ರ ಕೆಟ್ಟಿದೆ ಅಂತ ಇನ್ನೊಂದು ತರಿಸಿದೆ. ಅದರಲ್ಲೂ 99.

ನಮ್ಮ ಸೀನಿಯರ್ ಸಿಸ್ಟರ್ ಒಬ್ಬರಿದ್ದಾರೆ, ನಾವೆಲ್ಲ ಅಕ್ಕ ಅನ್ನುತ್ತೇವೆ. ನೀರು ಕೊಟ್ಟು ಪಕ್ಕದಲ್ಲಿ ಕೂತು, ಬೆವರಿದ್ದ ನನ್ನ ಕೂದಲನ್ನು ಹಿಂದಕ್ಕೆ ಸರಿಸಿ, “ಇದು ಎದೆಯ ಕಾಯಿಲೆ ಅಲ್ಲ ಕಣಮ್ಮ. ಮೇಲಿನ ಡಾಕ್ಟ್ರನ್ನ ನೋಡು” ಅಂದರು. ಮೇಲೆ ಅಂದರೆ ಮೊದಲ ಮಹಡಿ, ಮನೋರೋಗ ವಿಭಾಗ.

ಹೋಗಲಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ: ಒಪಿಡಿ ಚೀಟಿ. ಕೌಂಟರಿನ ಹುಡುಗ ನನ್ನನ್ನು ದಿನಾ ನೋಡುವವನು. ಯಾವ ವಿಭಾಗ ಅಂತ ಕೇಳುತ್ತಾನೆ, ನಾನು ಗಟ್ಟಿಯಾಗಿ ಹೇಳಬೇಕು, ಹಿಂದೆ ನಿಂತ ನಾಲ್ವರು ಕೇಳಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಗೆ ಚೀಟಿ ಮಾಡಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಈ ವಿಭಾಗದ ಹೆಸರು ಹೇಳಿದರೆ ಸಂಜೆಯೊಳಗೆ ಲಾಂಡ್ರಿಯವರೆಗೂ ಸುದ್ದಿ. ಅದರ ಮೇಲೆ ಇನ್ನೊಂದು ಹೆದರಿಕೆ: ಐಸಿಯುಗೆ ಲಾಯಕ್ಕಿಲ್ಲ ಅಂತ ಫೈಲಿನಲ್ಲಿ ಬರೆದುಬಿಟ್ಟರೆ?

ನಿಮ್ಹಾನ್ಸ್ 2020ರಲ್ಲೇ ಶುರುಮಾಡಿದ್ದ ಸಹಾಯವಾಣಿಗೆ ಒಂದು ರಾತ್ರಿ ಟೆರೇಸಿನಿಂದ ಫೋನ್ ಮಾಡಿದೆ. ನಾನು ನರ್ಸ್ ಅಂತ ಹೇಳದೆ ಮಾತಾಡಿದೆ. ಆ ಕಡೆಯ ಹೆಣ್ಣುಮಗಳು ಬುದ್ಧಿವಂತೆ, ನಾನು ಬಳಸಿದ ಪದಗಳಲ್ಲೇ ಹಿಡಿದಳು. “ಮೇಡಂ, ನೀವು ಆಸ್ಪತ್ರೆಯಲ್ಲಿ ಕೆಲಸ ಮಾಡೋರಾ?” ಹೂಂ ಅಂದೆ. ಅದೊಂದು ಹೂಂ ಅಂದ ಮೇಲೆ ಅಳು ತಡೆಯಲಾಗಲಿಲ್ಲ. ಅವಳು ಏನೂ ಉಪದೇಶ ಮಾಡಲಿಲ್ಲ. ನಿದ್ದೆ ಎಷ್ಟು ಗಂಟೆ, ಊಟ ಎಷ್ಟು, ಸಾಯಬೇಕು ಅನ್ನಿಸುತ್ತದಾ ಅಂತ ನೇರವಾಗಿ ಕೇಳಿದಳು. ಇಲ್ಲ, ಸಾಯುತ್ತೇನೆ ಅನ್ನೋ ಭಯ, ಸಾಯಬೇಕು ಅಂತಲ್ಲ ಅಂದೆ. ಆ ಎರಡರ ವ್ಯತ್ಯಾಸ ಬರೆದುಕೊಂಡಳು ಅನ್ನಿಸುತ್ತದೆ. ಕೊನೆಗೆ, ನಿಮ್ಮಲ್ಲೇ ಮನೋವೈದ್ಯರು ಇದ್ದಾರಲ್ಲ, ಎದುರು ಕೂತು ಮಾತಾಡಿದರೆ ಒಳ್ಳೆಯದು ಅಂದಳು.

ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು ಅಂತ ನಾನು ಪರೀಕ್ಷೆಯಲ್ಲಿ ಬರೆದವಳು. ಹಳ್ಳಿಯ ರೋಗಿ ಬೆಂಗಳೂರಿಗೆ ಹೋಗದೆ ಹತ್ತಿರದಲ್ಲೇ ಚಿಕಿತ್ಸೆ ಪಡೆಯಲಿ ಅನ್ನುವುದು ಅದರ ಉದ್ದೇಶ. ನನಗೆ ಇದ್ದ ಕಷ್ಟ ಅದರ ತದ್ವಿರುದ್ಧ, ಅದು ತೀರಾ ಹತ್ತಿರದಲ್ಲಿತ್ತು. ಅಕ್ಕನೇ ದಾರಿ ಮಾಡಿದರು. ಚೀಟಿ ಅವರೇ ಮಾಡಿಸಿ, ಒಪಿಡಿ ಮುಗಿದ ಮೇಲೆ ಮೂರು ಗಂಟೆಗೆ ಬರಲು ಡಾಕ್ಟರನ್ನು ಕೇಳಿಕೊಂಡು ಬಂದರು.

ಆ ಏಳು ಪ್ರಶ್ನೆ ಆದ ಮೇಲೂ ಡಾಕ್ಟರು ಸೀದಾ ಮಾತ್ರೆ ಬರೆಯಲಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಇಸಿಜಿ ಮಾಡಿಸಿದರು. ಥೈರಾಯ್ಡ್ ಹೆಚ್ಚಾದರೂ ರಕ್ತ ಕಡಿಮೆಯಾದರೂ ಎದೆ ಹೀಗೇ ಬಡಿಯುತ್ತದೆ. ಎಲ್ಲ ಸರಿ ಇತ್ತು. ಆಮೇಲೆ ಆ ಮಧ್ಯಾಹ್ನ ನನಗಾದದ್ದನ್ನು ಬಿಡಿಸಿ ಹೇಳಿದರು. ಭಯದಲ್ಲಿ ಉಸಿರಾಟ ಜೋರಾಗುತ್ತದೆ. ಆಕ್ಸಿಜನ್ ಮೊದಲೇ ತುಂಬಿರುವುದರಿಂದ ಅದು ಹೆಚ್ಚೇನೂ ಏರುವುದಿಲ್ಲ. ಆದರೆ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಗೆ ಹೋಗಿಬಿಡುತ್ತದೆ. ಅದರಿಂದಲೇ ತುಟಿ ಜುಮುಜುಮು, ಬೆರಳು ಸೆಟೆಯುವುದು, ತಲೆ ತಿರುಗುವುದು. ಅದನ್ನು ಉಸಿರು ಸಾಲದು ಅಂತ ಓದಿಕೊಂಡು ಇನ್ನೂ ಜೋರಾಗಿ ಎಳೆಯುತ್ತೇವೆ. “ನೀವು ಕೊರತೆ ಅಂತ ತಿಳಿದದ್ದು ಹೆಚ್ಚಾದದ್ದು” ಅಂದರು. ನನಗೆ ಇದೆಲ್ಲ ಗೊತ್ತಿರಬೇಕಿತ್ತಾ? ಗೊತ್ತಿತ್ತು. ಬೇರೆಯವರ ದೇಹದ ಬಗ್ಗೆ ಗೊತ್ತಿತ್ತು.

ಆತಂಕ ಇಳಿಸುವ ಮಾತ್ರೆ ಎಸ್ಸಿಟಾಲೋಪ್ರಾಮ್ 5 ಮಿಲಿಗ್ರಾಂನಿಂದ ಶುರು, ಆಮೇಲೆ 10. ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಇನ್ನೂ ಕೆಟ್ಟದಾಗಬಹುದು ಅಂತ ಮೊದಲೇ ಹೇಳಿದ್ದರು. ಹೇಳದಿದ್ದರೆ ಬಿಟ್ಟುಬಿಡುತ್ತಿದ್ದೆ. ಹೊಟ್ಟೆ ತೊಳಸು, ಒಳಗೊಳಗೇ ನಡುಕ, ಬಾಯಿ ಒಣಗುವುದು. ಕೆಲವು ರಾತ್ರಿಗಳಿಗೆ ಮಾತ್ರ ನಿದ್ದೆ ಬರಿಸುವ ಕ್ಲೋನಾಜೆಪಾಮ್ ಕಡಿಮೆ ಪ್ರಮಾಣದಲ್ಲಿ ಕೊಟ್ಟು, ಲೆಕ್ಕ ಹಾಕಿ ನಿಲ್ಲಿಸಿದರು. ನಮ್ಮ ವೃತ್ತಿಯಲ್ಲಿ ಔಷಧಿ ಕೈಗೆಟುಕುವಂತಿರುತ್ತದೆ, ನಿದ್ದೆ ಮಾತ್ರೆಯನ್ನು ತಾವಾಗಿಯೇ ತೆಗೆದುಕೊಳ್ಳುತ್ತಾ ಹೋದವರನ್ನು ನಾನು ಕಂಡಿದ್ದೇನೆ. ಆ ಲೆಕ್ಕ ಡಾಕ್ಟರ ಕೈಯಲ್ಲೇ ಇದ್ದದ್ದು ಒಳ್ಳೆಯದಾಯಿತು.

ಮಾತ್ರೆಗಿಂತ ಕಷ್ಟವಾದದ್ದು ಆಕ್ಸಿಮೀಟರ್. ಆಪ್ತಸಮಾಲೋಚಕಿ, ನನಗಿಂತ ಸಣ್ಣ ವಯಸ್ಸಿನ ಹುಡುಗಿ, ಅದನ್ನು ಎಸೆಯಿರಿ ಅನ್ನಲಿಲ್ಲ. ನೋಡಬೇಕು ಅನ್ನಿಸಿದಾಗ ಹತ್ತು ನಿಮಿಷ ತಡೆದು ನೋಡಿ ಅಂದಳು. ಆ ಹತ್ತು ನಿಮಿಷದಲ್ಲಿ ಭಯ ಎಷ್ಟು ಅಂತ ನೂರಕ್ಕೆ ಅಂಕ ಬರೆಯಬೇಕು. ಬರೆದೆ. ಎಂಬತ್ತು, ಎಂಬತ್ತೈದು, ತೊಂಬತ್ತು. ಆಮೇಲೆ ನಾನು ಏನೂ ಮಾಡದೆಯೇ ಎಪ್ಪತ್ತು, ಐವತ್ತು. ಭಯ ಏರುತ್ತಲೇ ಹೋಗಿ ನನ್ನನ್ನು ಮುಗಿಸುತ್ತದೆ ಅಂತ ನಂಬಿದ್ದೆ. ಅದು ತಾನಾಗಿ ಇಳಿಯುವುದನ್ನು ಕಾಗದದ ಮೇಲೆ ಕಂಡಾಗ ಮೊದಲ ಸಲ ಈ ಚಿಕಿತ್ಸೆಯ ಮೇಲೆ ನಂಬಿಕೆ ಬಂತು. ಹತ್ತು ನಿಮಿಷ ಅರ್ಧ ಗಂಟೆಯಾಯಿತು, ಅರ್ಧ ಗಂಟೆ ಸಂಜೆಯವರೆಗೆ ಹೋಯಿತು. ಕೊನೆಗೆ ಯಂತ್ರವನ್ನು ನಮ್ಮವರ ಕೈಗೆ ಕೊಟ್ಟೆ. ಅವರು ಟಿಕೆಟ್ ಮೆಷಿನ್ ಇಡುವ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟರು. ಉಸಿರಾಟದ ಅಭ್ಯಾಸವೂ ಇತ್ತು: ಮೂಗಿನಿಂದ ಮೆಲ್ಲಗೆ ತೆಗೆದುಕೊಂಡು, ಬಿಡುವುದನ್ನು ತೆಗೆದುಕೊಂಡದ್ದಕ್ಕಿಂತ ಉದ್ದ ಮಾಡುವುದು. ಯೋಗದ ವೆಬಿನಾರಿನಲ್ಲೂ ಇದನ್ನೇ ಹೇಳಿದ್ದರು, ಆದರೆ ಅದನ್ನು ಇಟ್ಟದ್ದು ನೈಟ್ ಡ್ಯೂಟಿ ಮುಗಿಸಿ ಬಂದವರ ನಿದ್ದೆಯ ಹೊತ್ತಿಗೆ.

ಇನ್ನು ಡಾಕ್ಟರು ಹೇಳಿದ್ದ ಬೇರೆ ಮಾಡುವ ಕೆಲಸ. ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಎಳೆದು, ಒಂದು ಕಡೆ ‘ವಾರ್ಡಿನದು’, ಇನ್ನೊಂದು ಕಡೆ ‘ನನ್ನದು’. ತಲೆಗೆ ಬಂದ ಪ್ರತಿಯೊಂದು ಆತಂಕವನ್ನೂ ಎಲ್ಲಾದರೂ ಒಂದು ಕಡೆ ಬರೆಯಲೇಬೇಕು.

ಗ್ಯಾಸ್ ಸಿಲಿಂಡರ್ ತೂಗಿದ್ದು ನನ್ನದು. ಅತ್ತೆಯ ಬೆರಳು ನನ್ನದು. ಮಗಳು ಕೆಮ್ಮಿದರೆ ಸ್ಕ್ಯಾನ್‌ನಲ್ಲಿ ಬಿಳಿ ಮಚ್ಚೆ ಕಾಣುವುದು ನನ್ನದು. ಆದರೆ ರಾತ್ರಿ ಎರಡು ಗಂಟೆಗೆ ಸಿಲಿಂಡರ್ ಖಾಲಿಯಾದರೆ ಯಾರಿಗೆ ಹೇಳಬೇಕು ಅಂತ ಗೊತ್ತಿಲ್ಲದ್ದು? ಇಡೀ ವಾರ್ಡಿಗೆ ಇಬ್ಬರೇ ಇದ್ದಾಗ ಒಬ್ಬಳು ಹೊರಗೆ ಹೋದರೆ ಇನ್ನೊಬ್ಬಳು ಎಲ್ಲಿಗೆ ಓಡಬೇಕು ಅನ್ನುವುದು? ಸತ್ತವರ ಮನೆಗೆ ಫೋನ್ ಮಾಡಿ ಹೇಳುವ ಕೆಲಸ ಬರೆಯದೇ ಇದ್ದರೂ ನಮ್ಮ ಮೇಲೇ ಬಿದ್ದದ್ದು? ವಾರ್ಡಿನ ಫೋನು ರಿಂಗಾದರೆ ನನ್ನ ಕೈ ತಣ್ಣಗಾಗುತ್ತಿತ್ತು. ಅದನ್ನು ಮೊದಲು ‘ನನ್ನದು’ ಕಡೆಗೆ ಬರೆದಿದ್ದೆ. ಡಾಕ್ಟರು ಬಾಣ ಎಳೆದು ಆಚೆ ಕಳಿಸಿದರು. “ಒಂದೇ ರಾತ್ರಿ ಎಷ್ಟೋ ಮನೆಗೆ ಸಾವಿನ ಸುದ್ದಿ ಹೇಳಿದವರ ಕೈ ತಣ್ಣಗಾಗದಿದ್ದರೆ ನಾನು ಚಿಂತೆ ಮಾಡ್ತಿದ್ದೆ.”

ಪುಟಗಳು ತುಂಬಿದಂತೆ ಎರಡೂ ಕಡೆ ಹೆಚ್ಚುಕಡಿಮೆ ಸಮ ಬಂತು. ಇದು ನನಗೆ ಬಿಡುಗಡೆ ಅನ್ನಿಸಿತು, ಸಿಟ್ಟೂ ತರಿಸಿತು. ಅರ್ಧ ಕಾಯಿಲೆ ಡ್ಯೂಟಿ ಲಿಸ್ಟಿನಲ್ಲಿ ಇರುವಾಗ ಮಾತ್ರೆ ಮಾತ್ರ ನನಗೊಬ್ಬಳಿಗೇ ಯಾಕೆ? ಕೇಳಿಯೇಬಿಟ್ಟೆ. ಅವರು ನನ್ನ ಒಪ್ಪಿಗೆ ಕೇಳಿ, ಹೆಸರಿಲ್ಲದೆ, ‘ವಾರ್ಡಿನದು’ ಪಟ್ಟಿಯನ್ನು ಬೇರೆ ಹಾಳೆಗೆ ಬರೆಸಿಕೊಂಡು ಜಿಲ್ಲಾ ಶಸ್ತ್ರಚಿಕಿತ್ಸಕರ ಸಭೆಗೆ ತೆಗೆದುಕೊಂಡು ಹೋದರು. ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂಗೆ ಅದು ಯಾರದು ಅಂತ ಗೊತ್ತಾಗಿರಬೇಕು, ಆದರೆ ಕೇಳಲಿಲ್ಲ.

ಎಲ್ಲವೂ ಆಗಲಿಲ್ಲ. ಖಾಲಿ ಹುದ್ದೆ ತುಂಬಲಿಲ್ಲ, ಅದು ಅವರ ಕೈಯಲ್ಲಿ ಇರಲೂ ಇಲ್ಲ. ಆದರೆ ಪಿಪಿಇ ಒಳಗಿನ ಹೊತ್ತನ್ನು ಎರಡಾಗಿ ಒಡೆದರು. ನರ್ಸಿಂಗ್ ಸ್ಟೇಷನ್ನಿನ ಎದುರು ಬಿಳಿ ಬೋರ್ಡ್ ಬಂತು: ಯಾವ ಸಿಲಿಂಡರ್ ಯಾವಾಗ ಹಾಕಿದ್ದು, ಯಾವಾಗ ಮುಗಿಯುತ್ತದೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು, ಅವರು ಎತ್ತದಿದ್ದರೆ ಯಾರಿಗೆ. ಆ ಬೋರ್ಡ್ ನೇತುಹಾಕಿದ ರಾತ್ರಿ ನಾನು 7,000 ಭಾಗಿಸು 15 ಮಾಡಲಿಲ್ಲ. ಮಾತ್ರೆ ಅಷ್ಟು ಹೊತ್ತಿಗೆ ಹಿಡಿದಿತ್ತೋ, ಬೋರ್ಡ್ ಮಾಡಿದ್ದೋ, ಬೇರೆ ಮಾಡಿ ಹೇಳಲಾರೆ. ಸಾವಿನ ಸುದ್ದಿ ಹೇಳುವುದು ಡ್ಯೂಟಿ ಡಾಕ್ಟರರ ಕೆಲಸವಾಯಿತು, ನಮ್ಮಲ್ಲೊಬ್ಬರು ಜೊತೆಗಿದ್ದರೆ ಸಾಕು. ಇದಕ್ಕೆ ಖರ್ಚಾದದ್ದು ಒಂದು ಬೋರ್ಡು, ಎರಡು ಮಾರ್ಕರ್.

ಆಶಾ ಕಾರ್ಯಕರ್ತೆಯರನ್ನು ಇಲ್ಲಿ ನೆನೆಯದೆ ಇರಲಾಗುವುದಿಲ್ಲ. ಮನೆ ಮನೆ ಸುತ್ತಿ ಕೆಮ್ಮು ಜ್ವರ ಕೇಳುವವರ ಮೇಲೆ 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಜನ ಮೈಮೇಲೆ ಹೋಗಿದ್ದರು. ಅದೇ ತಿಂಗಳ 22ರಂದು ಕೇಂದ್ರ ಸುಗ್ರೀವಾಜ್ಞೆ ತಂದಿತು, ಆರೋಗ್ಯ ಸಿಬ್ಬಂದಿಗೆ ತೀವ್ರ ಗಾಯ ಮಾಡಿದರೆ ಏಳು ವರ್ಷದವರೆಗೆ ಜೈಲು. ಜುಲೈನಲ್ಲಿ ಅವರು ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನ ಬೇಕು ಅಂತ ಮುಷ್ಕರ ಕೂತರು. ಅವರ ನೋಟ್‌ಬುಕ್ಕಿಗೆ ಗೆರೆ ಎಳೆದರೆ ‘ನನ್ನದು’ ಕಡೆ ಎಷ್ಟು ಸಾಲು ಉಳಿಯುತ್ತಿತ್ತು? ಆಳವಾಗಿ ಉಸಿರಾಡಿ ಅಂತ ಅವರಿಗೆ ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಮಳೆಗಾಲದ ಹೊತ್ತಿಗೆ ನನ್ನ ಅಂಕ ಹತ್ತರ ಕೆಳಗೆ ಬಂತು, ದಸರಾ ಹೊತ್ತಿಗೆ ಐದರ ಕೆಳಗೆ. ಸರಿಹೋಯಿತಲ್ಲ ಅಂತ ಮಾತ್ರೆ ಬಿಡಲು ಕೇಳಿದೆ. ಸರಿಹೋದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು, ಆಮೇಲೆ ಮೆಲ್ಲಗೆ ಇಳಿಸಬೇಕು, ಏಕಾಏಕಿ ನಿಲ್ಲಿಸಬಾರದು ಅಂದರು. ಅಷ್ಟರಲ್ಲಿ 2022ರ ಜನವರಿ, ಓಮಿಕ್ರಾನ್. ಮತ್ತೆ ಕಿಟ್, ಮತ್ತೆ ಪಟ್ಟಿ. ಮೊದಲ ದಿನ ಗಾಗಲ್ಸ್ ಹಾಕುವಾಗ ಎದೆ ಹಾರಿತು. ಆ ಹಾರುವಿಕೆ ನನಗೆ ಆಗಲೇ ಪರಿಚಯ. ಹತ್ತು ನಿಮಿಷ ಕೊಟ್ಟೆ. ಇಳಿಯಿತು. ಬೇಸಿಗೆ ಕಳೆದ ಮೇಲೆ ಮಾತ್ರೆ 5ಕ್ಕೆ ಇಳಿದು ನಿಂತಿತು.

2022ರ ಅಕ್ಟೋಬರ್ 10ರಂದು ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ ಶುರುವಾಯಿತು, 14416 ನಂಬರು, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅದರ ಪೋಸ್ಟರ್ ಈಗ ನಮ್ಮ ಡ್ಯೂಟಿ ರೂಮಿನ ಬಾಗಿಲ ಹಿಂದೆ ಇದೆ. ಚೀಟಿ ಮಾಡಿಸಲು ನಾಚುವವರಿಗೆ ಇದು ಒಳ್ಳೆಯ ಮೊದಲ ಮೆಟ್ಟಿಲು.

ಕಳೆದ ವರ್ಷ ಡೆಂಗಿ ಜೋರಾಗಿದ್ದಾಗ ಗುತ್ತಿಗೆಯಲ್ಲಿ ಬಂದ ಹೊಸ ಹುಡುಗಿಯೊಬ್ಬಳು ಸ್ಟೋರ್ ರೂಮಿನಲ್ಲಿ ನನ್ನ ಕೈ ಹಿಡಿದುಕೊಂಡು, “ಅಕ್ಕಾ, ಪ್ಲೇಟ್‌ಲೆಟ್ ರಿಪೋರ್ಟ್ ಬಂದರೆ ಓದೋಕ್ಕೇ ಭಯ. ನಿದ್ದೇನೇ ಇಲ್ಲ. ಮೇಲಿನ ಡಾಕ್ಟ್ರಿಗೆ ತೋರಿಸಲಾ?” ಅಂದಳು. ತೋರಿಸೋಣ ಅಂದೆ. ಅದಕ್ಕೂ ಮೊದಲು ಅವಳ ಡ್ಯೂಟಿ ಲಿಸ್ಟ್ ತರಲು ಹೇಳಿದೆ. ರಾತ್ರಿಯ ಮೇಲೆ ರಾತ್ರಿ, ನಡುವೆ ಒಂದು ಆಫ್ ಇಲ್ಲ. ರಜೆ ಹಾಕಿದ ಮೂವರ ಪಾಳಿಯೆಲ್ಲ ಅವಳ ಹೆಸರಿಗೇ ಬಿದ್ದಿತ್ತು. ಗುತ್ತಿಗೆಯವಳು, ಬೇಡ ಅನ್ನಲು ಧೈರ್ಯವಿರಲಿಲ್ಲ.

ಲಿಸ್ಟ್ ಹಿಡಿದುಕೊಂಡು ಇಬ್ಬರೂ ಸೂಪರಿಂಟೆಂಡೆಂಟ್ ಮೇಡಂ ರೂಮಿಗೆ ಹೋದೆವು. ಒಪಿಡಿ ಚೀಟಿ ಮಾರನೇ ದಿನ ಮಾಡಿಸಿದೆವು. ಕೌಂಟರಿನ ಹುಡುಗನಿಗೆ ವಿಭಾಗದ ಹೆಸರನ್ನು ನಾನೇ ಹೇಳಿದೆ.